ಹತ್ತೂವರೆ ಗಂಟೆಯ ಪ್ರವಾಹ

ಮಳೆಗಾಲದಲ್ಲಿ ಒಂದು ಮನೆಯ ಬಟ್ಟೆ ಒಣಗಿಸುವಷ್ಟರಲ್ಲೇ ಸಾಕುಸಾಕಾಗಿ ಹೋಗುತ್ತದೆ. ಬಾಗಿಲಿಗೊಂದು ಟವೆಲ್, ಕುರ್ಚಿಯ ಬೆನ್ನಿಗೊಂದು ಅಂಗಿ, ಕಿಟಕಿಯ ಸರಳಿಗೆ ಮಕ್ಕಳ ಕಾಲುಚೀಲ. ನಮ್ಮ ನಿಮ್ಮ ಪಾಡೇ ಹೀಗಿರುವಾಗ, ದಿನಕ್ಕೆ ನಲವತ್ತು ಚಾದರ ಒಣಗಿಸಬೇಕಾದ ಹೆಂಗಸಿನ ಗತಿ ಏನು, ನೀವೇ ಹೇಳಿ.

ಆ ಹೆಂಗಸನ್ನು ಎಲ್ಲರೂ ಲಾಂಡ್ರಿಯಮ್ಮ ಎನ್ನುತ್ತಿದ್ದರು. ದಿಣ್ಣೆಯ ಮೇಲಿನ ಆಸ್ಪತ್ರೆಯ ಚಾದರಗಳೆಲ್ಲ ಅವಳ ಕೈಗೇ ಬರುತ್ತಿದ್ದವು. ಹೊಳೆಯ ದಂಡೆಯಲ್ಲಿ, ಸೇತುವೆಗೆ ತಾಗಿದಂತೆ ಅವಳ ಶೆಡ್ಡು. ಬೆಳಿಗ್ಗೆ ಏಳಕ್ಕೆ ಗಂಟುಗಳು ಬಂದಿಳಿಯಬೇಕು, ಹತ್ತಕ್ಕೆಲ್ಲ ಒಗೆದು ಹಿಂಡಿದ ಚಾದರ ಬುಟ್ಟಿ ಸೇರಬೇಕು, ಸಂಜೆ ಐದಕ್ಕೆ ಇಸ್ತ್ರಿಯಾಗಿ ವಾಪಸು ಹೋಗಬೇಕು. ಇಸ್ತ್ರಿ ಅವಳ ಗಂಡನ ಪಾಲು. ಆತನದು ಮಾತು ಕಡಿಮೆ, ಆಡಿದರೆ ಚುಚ್ಚುವಂಥದ್ದು. "ಇಸ್ತ್ರಿಪೆಟ್ಟಿಗೆ ಬಿಸಿ ಇರೋದು ಸಾಲದು ಅಂತ ಇವರ ನಾಲಿಗೇನೂ ಬಿಸಿ" ಎಂದು ಲಾಂಡ್ರಿಯಮ್ಮ ಬಂದವರಿಗೆಲ್ಲ ಹೇಳುವಳು.

ಲಾಂಡ್ರಿಯಮ್ಮನ ಕಣ್ಣಿಗೆ ಲೋಕದಲ್ಲಿ ಇರುವುದು ಎರಡೇ ಬಗೆಯ ವಸ್ತು: ಬಟ್ಟೆ ನೇತುಹಾಕಲು ಬರುವಂಥದ್ದು, ಬಾರದಂಥದ್ದು. ಎರಡು ತಿಂಗಳ ಹಿಂದೆ ಕಿತ್ತಳೆ ಬಣ್ಣದ ಕೋಟು ತೊಟ್ಟವರು ಬಂದು ಸೇತುವೆಯ ಎರಡೂ ಕಡೆ ರಸ್ತೆ ಅಗೆದು, ಕಪ್ಪು ಕೊಳವೆ ಹೂತು, ಮುಚ್ಚಿ ಹೋದಾಗ ಅವಳಿಗೆ ಕಂಡದ್ದು ತನ್ನ ಬಿಳಿ ಚಾದರದ ಮೇಲೆ ಬಿದ್ದ ಧೂಳು ಮಾತ್ರ. ಆಗ ಕೆಲಸ ನೋಡಿಕೊಳ್ಳುತ್ತಿದ್ದ ಹೆಂಗಸಿನ ಜೊತೆ ದೊಡ್ಡ ಜಗಳವೇ ಆಗಿತ್ತು. ಆ ಹೆಂಗಸು ಎಲ್ಲಿಗೆ ಹೋದರೂ ಸ್ಕೂಟರಿಗೆ ಒಂದು ಮಡಚುವ ಏಣಿ ಕಟ್ಟಿಕೊಂಡೇ ಹೋಗುತ್ತಿದ್ದುದರಿಂದ ಜನ ಅವಳನ್ನು ಏಣಿ ಮೇಡಂ ಎಂದು ಕರೆಯುತ್ತಿದ್ದರು.

"ಅಕ್ಕಾ, ಸ್ವಲ್ಪ ಸಹಿಸ್ಕೊಳ್ಳಿ. ದೇಶದ ದುಡ್ಡಲ್ಲಿ ಊರೂರಿಗೂ ಈ ಲೈನ್ ಎಳೀತಿದ್ದಾರೆ. ಮುಂದೆ ನಿಮಗೇ ಉಪಯೋಗ" ಎಂದಿದ್ದಳು ಏಣಿ ಮೇಡಂ.

"ಮುಂದಿನ ಉಪಯೋಗ ಮುಂದೆ ನೋಡೋಣ. ಈಗ ಈ ಹತ್ತು ಚಾದರ ಮತ್ತೆ ಒಗೆಯೋರು ಯಾರು, ನೀನಾ? ಅದೇ ದುಡ್ಡಲ್ಲಿ ನನಗೊಂದು ಬಟ್ಟೆ ಒಣಗಿಸೋ ಶೆಡ್ ಹಾಕಿಕೊಟ್ಟಿದ್ರೆ ನಿಮ್ಮ ಹೆಸರು ಹೇಳಿ ದಿನಾ ಕೈ ಮುಗೀತಿದ್ದೆ" ಎಂದಿದ್ದಳು ಲಾಂಡ್ರಿಯಮ್ಮ.

ಅವರು ಹೋದ ಮೇಲೆ ಉಳಿದದ್ದು ಸೇತುವೆಯ ಕಟಕಟೆಗೆ ಬಿಗಿದ ಒಂದು ಡಬ್ಬ, ಮತ್ತು ಸೇತುವೆಯ ಹೊಟ್ಟೆಯಡಿಯಿಂದ ಹೊಳೆಯ ಕಡೆಗೆ ಚಾಚಿಕೊಂಡ ಒಂದು ಗಟ್ಟಿ ಕಬ್ಬಿಣದ ತೋಳು. ತೋಳಿನ ತುದಿಯಲ್ಲಿ ಚೊಂಬನ್ನು ಬೋರಲು ಹಾಕಿದಂಥ ಬೂದು ಬಣ್ಣದ ವಸ್ತು. ಲಾಂಡ್ರಿಯಮ್ಮ ಅದನ್ನು ಎರಡು ತಿಂಗಳು ನೋಡಿದಳು. ಮಳೆ ಹಿಡಿಯಿತು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

ಬಿಸಿಲಿಲ್ಲದ ದಿನ ಚಾದರವನ್ನು ಒಂದೇ ಹಗ್ಗಕ್ಕೆ ಮಡಚಿ ಹಾಕಿದರೆ ಮಡಿಕೆಯೊಳಗೆ ಗಾಳಿಯಾಡದೆ ಮುಗ್ಗಲು ವಾಸನೆ ಬರುತ್ತದೆ. ಅದಕ್ಕೆ ಅವಳ ಅತ್ತೆ ಕಲಿಸಿದ ಉಪಾಯ ಒಂದಿತ್ತು. ಮೊಳ ಮೊಳ ದೂರದಲ್ಲಿ ನಾಲ್ಕು ಹಗ್ಗ ಬಿಗಿದು, ಅದರ ಮೇಲೆ ಚಾದರವನ್ನು ಚಪ್ಪರದಂತೆ ಅಗಲಕ್ಕೆ ಹಾಸುವುದು. ಮೇಲಿನಿಂದಲೂ ಗಾಳಿ, ಕೆಳಗಿನಿಂದಲೂ ಗಾಳಿ. ಸೇತುವೆಯ ಕೆಳಗೆ ಮಳೆ ಬೀಳುವುದಿಲ್ಲ, ಹೊಳೆಯ ಗಾಳಿ ಮಾತ್ರ ಸುಯ್ಯೆಂದು ಬೀಸುತ್ತದೆ. ಕೊರತೆಯಿದ್ದದ್ದು ಹಗ್ಗ ಕಟ್ಟಲು ಒಂದು ಆಧಾರಕ್ಕೆ. ಈಗ ಕಬ್ಬಿಣದ ತೋಳು ಸಿಕ್ಕಿತಲ್ಲ! ತೋಳಿನಿಂದ ಹೊಳೆಗಿಳಿಯುವ ಮೆಟ್ಟಿಲ ಕಂಬಿಗೆ ಹಗ್ಗ ಎಳೆದಳು, ಸರಿಯಾಗಿ ಬೋರಲು ಚೊಂಬಿನ ಕೆಳಗೇ ಚಪ್ಪರ ಹಾಸಿದಳು. ಮಧ್ಯಾಹ್ನ ಒಂದಕ್ಕೆಲ್ಲ ಚಾದರ ಗರಿಗರಿ.

"ನೋಡಿದ್ರಾ?" ಎಂದಳು ಗಂಡನಿಗೆ. "ಸರ್ಕಾರ ನಂಗೋಸ್ಕರಾನೇ ಮೊಳೆ ಹೊಡೆದುಕೊಟ್ಟಿದೆ."

"ಯಾವುದಕ್ಕೆ ಹೊಡೆದಿದ್ದಾರೆ ಅಂತ ಕೇಳಿದ್ಯಾ?"

"ಕೇಳೋದೇನು? ಎರಡು ತಿಂಗಳಿಂದ ಸುಮ್ನೆ ನಿಂತಿದೆ. ಬೊಗಳೋದಿಲ್ಲ, ಕಚ್ಚೋದಿಲ್ಲ."

ಅದು ಗುರುವಾರ.

ಅದೇ ಗುರುವಾರ ಮಧ್ಯಾಹ್ನ ಮಗಳ ಫೋನ್ ಬಂತು. ಮಗಳ ಮನೆ ಹೊಳೆಯ ಕೆಳಗಡೆ, ನೀರು ತಿರುವು ತೆಗೆದುಕೊಳ್ಳುವ ಕಡೆ ಇರುವ ತಗ್ಗಿನ ಓಣಿಯಲ್ಲಿ. ಇಲ್ಲಿ ಸೇತುವೆಯಡಿ ಏರಿದ ನೀರು ಅಲ್ಲಿಗೆ ಮುಟ್ಟಲು ಒಂದು ಗಂಟೆ ಬೇಕು. ಅಳಿಯ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಮಗಳ ಮಾವನಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಎಡಗೈ ಆಡುತ್ತಿತ್ತು, ಮಾತು ತೊದಲುತ್ತಿತ್ತು, ಉಳಿದಂತೆ ಮಂಚವೇ ಗತಿ.

"ಅಮ್ಮಾ, ಇವತ್ತು ಏನಾಯ್ತು ಗೊತ್ತಾ? ಹತ್ತೂವರೆಗೆ ಸೈರನ್ ಕೂಗಿಬಿಡ್ತು! ಹೊಳೆ ಏರ್ತಾ ಇದೆ, ಮೇಲಕ್ಕೆ ಹೋಗಿ ಅಂತ ಎಲ್ಲರ ಫೋನಿಗೂ ಮೆಸೇಜ್. ಎದೆ ಬಾಯಿಗೆ ಬಂತು. ಮಾವನ್ನ ಕುರ್ಚಿಗೆ ಕಟ್ಟಿ, ಪಕ್ಕದ ಮನೆ ವಾಚ್ ರಿಪೇರಿ ಅಣ್ಣ, ಅವರ ತಮ್ಮ, ಇನ್ನಿಬ್ಬರು ಸೇರಿ ಸ್ಕೂಲ್ ಗುಡ್ಡಕ್ಕೆ ಹೊತ್ಕೊಂಡು ಹೋದ್ರು."

"ಅಯ್ಯೋ ನನ್ನ ಕಂದಾ! ನೀರು ಎಷ್ಟು ಬಂತು?"

"ಎಲ್ಲಿಯ ನೀರು! ಗುಡ್ಡದ ಮೇಲೆ ಎರಡು ಗಂಟೆ ಕೂತು ನೋಡಿದ್ವಿ. ಹೊಳೆ ಇದ್ದ ಹಾಗೇ ಇತ್ತು."

ಲಾಂಡ್ರಿಯಮ್ಮ ಗಾಬರಿಯಾದಳು. ಗಾಬರಿ ಇಳಿದ ಮೇಲೆ ಸಿಟ್ಟಾದಳು. ಕಾಯಿಲೆ ಮನುಷ್ಯನನ್ನು ಗುಡ್ಡ ಹತ್ತಿಸುವ ಸೈರನ್ನಿಗೆ ಏನು ಹೇಳಬೇಕು?

ಶುಕ್ರವಾರ ಹತ್ತೂವರೆಗೆ ಮತ್ತೆ ಕೂಗಿತು. ಶನಿವಾರ ಹತ್ತೂವರೆಗೆ ಮತ್ತೆ. ಮೂರನೆಯ ದಿನ ಇಳಿಯುವಾಗ ಕುರ್ಚಿ ಜಾರಿ ಮಾವನ ಭುಜ ಗೋಡೆಗೆ ಬಡಿದು ಊದಿಕೊಂಡಿತು. ಫೋನಿನಲ್ಲಿ ಮಗಳು ಅಳುತ್ತಿದ್ದಳು. ಹಿಂದಿನಿಂದ ವಾಚ್ ರಿಪೇರಿಯವನ ದನಿ ಕೇಳುತ್ತಿತ್ತು: "ಮೂರು ದಿನವೂ ಹತ್ತೂವರೆ, ಒಂದು ನಿಮಿಷ ಆ ಕಡೆ ಈ ಕಡೆ! ಹೊಳೆಗೇನು ಡ್ಯೂಟಿ ಟೈಮ್ ಇದೆಯಾ? ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನಾವಲ್ಲ. ಇನ್ಮೇಲೆ ಅದು ಕೂಗಿಕೊಂಡು ಸಾಯಲಿ, ಓಣಿಯಿಂದ ಒಬ್ಬರೂ ಕದಲೋದಿಲ್ಲ."

"ಸರಿಯಾಗೇ ಹೇಳ್ತಿದ್ದಾರೆ" ಎಂದಳು ಲಾಂಡ್ರಿಯಮ್ಮ ಫೋನಿನಲ್ಲಿ. "ದೇಶದ ದುಡ್ಡು ಸುರಿದು ತಂದಿಟ್ಟ ಯಂತ್ರಕ್ಕೆ ನನ್ನ ಬಕೆಟ್ಟಿಗಿರೋ ಬುದ್ಧಿ ಇಲ್ಲ. ಬಕೆಟ್ ಆದ್ರೂ ತುಂಬಿದಾಗ ಮಾತ್ರ ಚೆಲ್ಲುತ್ತೆ."

ಹೀಗೆ ಹೇಳುವಾಗ ಅವಳು ಒಣಗಿದ ಚಾದರಗಳನ್ನು ಚಪ್ಪರದಿಂದ ತೆಗೆದು ಮಡಚುತ್ತಿದ್ದಳು.

ಭಾನುವಾರ ಆಸ್ಪತ್ರೆಯಿಂದ ಗಂಟು ಬರುವುದಿಲ್ಲ. ಭಾನುವಾರ ಸೈರನ್ನೂ ಕೂಗಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲಾಂಡ್ರಿಯಮ್ಮ ಬುಟ್ಟಿ ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದರೆ, ಅಲ್ಲಿ ಏಣಿ ಮೇಡಂ ನಿಂತಿದ್ದಳು. ಕಟಕಟೆಯ ಡಬ್ಬ ಬಿಚ್ಚಿ ನೋಡಿ, ಕೆಳಗಿಳಿದು ತಂತಿ ಎಳೆದು ನೋಡಿ, ಏನೂ ಕೆಟ್ಟಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದಳು. ಹಳೆಯ ಜಗಳದ ನೆನಪು ಇಬ್ಬರಿಗೂ ಇತ್ತು. ಲಾಂಡ್ರಿಯಮ್ಮ ಕಂಡೂ ಕಾಣದಂತೆ ಮುಂದೆ ಹೋಗಿ, ಹಗ್ಗದ ಮೇಲೆ ಮೊದಲನೆಯ ಒದ್ದೆ ಚಾದರ ಬಿಡಿಸಿ ಹಾಸಿದಳು.

ಏಣಿ ಮೇಡಂ ಕೈಯಲ್ಲಿದ್ದ ಫೋನನ್ನು ನೋಡಿದಳು. ಚಾದರ ನೋಡಿದಳು. ಮತ್ತೆ ಫೋನ್ ನೋಡಿದಳು.

"ಅಕ್ಕಾ! ಆ ಚಾದರ ತೆಗೀರಿ!"

"ಯಾಕೆ, ನಿನ್ನ ಏಣಿಗೆ ಅಡ್ಡ ಬಂತಾ?"

"ಮೊದಲು ತೆಗೀರಿ ಅಂದೆ!"

ಆ ದನಿಗೆ ಹೆದರಿ ಲಾಂಡ್ರಿಯಮ್ಮ ಚಾದರ ಎಳೆದುಕೊಂಡಳು. "ಈಗ ಹಾಕಿ" ಎಂದಳು ಏಣಿ ಮೇಡಂ. ಹಾಕಿದಳು. "ತೆಗೀರಿ." ತೆಗೆದಳು. ಏಣಿ ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತು ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ನಿಂಗೇನಾಯ್ತಮ್ಮಾ? ಚಾದರ ನೋಡಿ ಹೀಗಾಡೋರನ್ನ ನಾನು ಕಂಡಿಲ್ಲ."

"ಇಲ್ಲಿ ಬನ್ನಿ ಅಕ್ಕಾ. ಈ ಗೆರೆ ನೋಡಿ. ಇದು ಹೊಳೆಯ ನೀರು. ಸೇತುವೆಯಿಂದ ಆರು ಮೀಟರ್ ಕೆಳಗಿದೆ. ನೀವು ಚಾದರ ಹಾಸಿದ ಕೂಡಲೇ ಗೆರೆ ಇಲ್ಲಿಗೆ ಹಾರಿತು, ನೋಡಿ. ಸೇತುವೆಯಿಂದ ಒಂದೇ ಮೀಟರ್! ಆ ಬೂದು ಚೊಂಬು ಇದೆಯಲ್ಲ, ಅದು ಹೊಳೆ ಕಾಯೋ ಕಣ್ಣು. ಹಗಲೂ ರಾತ್ರಿ ಕೆಳಗೆ ನೋಡ್ತಾ, ನೀರು ಎಷ್ಟು ದೂರದಲ್ಲಿದೆ ಅಂತ ಅಳೀತಾ ಇರುತ್ತೆ. ಒದ್ದೆ ಚಾದರ ಅದರ ಕಣ್ಣಿಗೆ ಥೇಟ್ ನೀರಿನ ಹಾಗೇ ಕಾಣುತ್ತೆ. ಒಣಗಿದ ಮೇಲೆ ಅಷ್ಟು ಕಾಣಲ್ಲ. ನಾವು ಆಫೀಸಲ್ಲಿ ಮೂರು ದಿನದಿಂದ ತಲೆ ಕೆಡಿಸ್ಕೊಂಡಿದ್ದೀವಿ. ಹೊಳೆ ಹತ್ತಕ್ಕೆ ಏರುತ್ತೆ, ಒಂದು ಗಂಟೆಗೆ ಇಳಿಯುತ್ತೆ, ಭಾನುವಾರ ಏರೋದೇ ಇಲ್ಲ. ಭಾನುವಾರ ರಜ ತಗೊಳ್ಳೋ ಹೊಳೆ ಪ್ರಪಂಚದಲ್ಲಿ ಎಲ್ಲಾದ್ರೂ ಇದೆಯಾ?"

ಲಾಂಡ್ರಿಯಮ್ಮ ನಗಲು ಬಾಯಿ ತೆರೆದಳು. ನಗು ಬರಲಿಲ್ಲ.

"ಹಂಗಾದ್ರೆ... ಕೆಳಗಡೆ ಸೈರನ್ ಕೂಗಿದ್ದು?"

"ನೀರು ಅಪಾಯದ ಗೆರೆ ದಾಟಿ ಕಾಲು ಗಂಟೆ ಇಳೀದೇ ಇದ್ರೆ ತಾನಾಗೇ ಕೂಗುತ್ತೆ. ಕೂಗಿಸಿದ್ದು ನಿಮ್ಮ ಚಾದರ."

ಲಾಂಡ್ರಿಯಮ್ಮನ ಕೈಯಲ್ಲಿದ್ದ ಚಾದರ ಕೆಸರಿಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಬೀಗರನ್ನು ಕುರ್ಚಿಗೆ ಕಟ್ಟಿ ಗುಡ್ಡ ಹತ್ತಿಸಿದ್ದು ತಾನು. ಅವರ ಭುಜ ಊದಿಸಿದ್ದು ತಾನು. ಮಗಳನ್ನು ಅಳಿಸಿದ್ದು ತಾನು. ಮೂರು ದಿನ ಯಂತ್ರಕ್ಕೆ ಬಾಯಿಗೆ ಬಂದಂತೆ ಬೈದಿದ್ದಳು; ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕೂತಲ್ಲಿಂದಲೇ ಬಾಯಿ ತೆರೆದಳು. ಬಂದದ್ದು ಜಗಳದ ದನಿಯೇ.

"ನನಗೇನು ಗೊತ್ತಿತ್ತು? ಇದು ಹೊಳೆ ಕಾಯೋ ಕಣ್ಣು ಅಂತ ನಿಮ್ಮಲ್ಲಿ ಯಾರಾದ್ರೂ ಒಂದು ಮಾತು ಹೇಳಿದ್ರಾ? ಒಂದು ಬೋರ್ಡ್ ಹಾಕಿದ್ರಾ?"

ಏಣಿ ಮೇಡಂ ತಲೆ ತಗ್ಗಿಸಿದಳು. "ಹಾಕಲಿಲ್ಲ ಅಕ್ಕಾ. ದಿನಾ ಇಲ್ಲೇ ಇರೋ ನಿಮಗೆ ಮೊದಲು ಹೇಳಬೇಕಿತ್ತು. ಅದು ನಮ್ಮ ತಪ್ಪು."

ತಪ್ಪು ಒಪ್ಪಿಕೊಂಡವರ ಜೊತೆ ಜಗಳವಾಡುವುದು ಹೇಗೆ? ಲಾಂಡ್ರಿಯಮ್ಮನ ಸಿಟ್ಟು ಅಲ್ಲಿಗೇ ಇಳಿಯಿತು. ಕೇಳಬೇಕಾದ್ದನ್ನು ಈಗ ಕೇಳಿದಳು.

"ಇಲ್ಲಿ ಕಂಡದ್ದು ಅಷ್ಟು ದೂರ ಹೋಗೋದು ಹೇಗೆ?"

"ಅವತ್ತು ರಸ್ತೆ ಅಗೆದು ಹೂತ್ವಲ್ಲ, ಆ ಕೊಳವೆ ಒಳಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳಿವೆ. ಅದರಲ್ಲಿ ಬೆಳಕು ಓಡುತ್ತೆ. ಕಣ್ಣು ಮಿಟುಕಿಸೋದರೊಳಗೆ ಸುದ್ದಿ ಆ ಊರಿಗೆ. ನೀವು ಚಾದರ ಒಗೆಯೋ ಆಸ್ಪತ್ರೆಯಿಂದ ರೋಗಿಗಳ ಎಕ್ಸ್‌ರೇ ದೊಡ್ಡ ಡಾಕ್ಟರ ಹತ್ತಿರ ಹೋಗೋದೂ ಅದರಲ್ಲೇ. ನೀರಿನ ಪೈಪು, ಕರೆಂಟು ಇದ್ದ ಹಾಗೆ ಇದೂ ಊರಿನ ಆಸ್ತಿ. ದುಡ್ಡು ಹಾಕಿರೋದು ದೇಶ. ದೇಶ ಅಂದ್ರೆ ಯಾರು? ನೀವು, ನಾನು. ಆದ್ರೆ ಅಕ್ಕಾ, ಎಷ್ಟು ದುಡ್ಡು ಹಾಕಿದ್ರೂ ಅದರ ಕಣ್ಣಿಗೆ ಬಟ್ಟೆ ಕಟ್ಟಿದ್ರೆ ಅದೇನು ಮಾಡುತ್ತೆ? ನಿಮ್ಮ ಚಾದರ ಅಡ್ಡ ಇದ್ದಾಗ ನಿಜವಾದ ನೀರು ಬಂದಿದ್ರೆ ಅದಕ್ಕೆ ಕಾಣ್ತಾನೇ ಇರಲಿಲ್ಲ."

ಲಾಂಡ್ರಿಯಮ್ಮ ಎದ್ದು ಹಗ್ಗಗಳನ್ನೆಲ್ಲ ಬಿಚ್ಚಿದಳು. ಗಂಟು ಸಡಿಲಿಸುವಷ್ಟು ತಾಳ್ಮೆಯಿಲ್ಲದೆ ಒಂದೆರಡನ್ನು ಕತ್ತರಿಸಿಯೇ ಹಾಕಿದಳು. ಏಣಿ ಮೇಡಂ ಆಫೀಸಿಗೆ ಫೋನ್ ಮಾಡಿ, ಯಂತ್ರ ಸರಿಯಾಗಿದೆ, ಅಡ್ಡ ಇದ್ದದ್ದು ತೆಗೆಸಿದ್ದೇನೆ ಎಂದಳು.

"ಅಕ್ಕಾ, ಕೆಳಗಡೆ ನಿಮ್ಮವರು ಯಾರಾದ್ರೂ ಇದ್ದಾರಾ? ಇದ್ರೆ ಹೀಗಾಯ್ತು ಅಂತ ಒಂದು ಮಾತು ಹೇಳಿಬಿಡಿ. ಆಫೀಸಿನ ಮೆಸೇಜ್ ಹೋಗೋದಕ್ಕೆ ನಾಳೆ ಆಗಬಹುದು."

"ಹ್ಞೂಂ, ಹೇಳ್ತೀನಿ" ಎಂದಳು ಲಾಂಡ್ರಿಯಮ್ಮ.

ಹೇಳಲಿಲ್ಲ. ಮಗಳಿಗೆ ಏನೆಂದು ಹೇಳುವುದು? ಬೀಗರ ಮನೆಯಲ್ಲಿ ಮುಖ ತೋರಿಸುವುದು ಹೇಗೆ? ಹೇಗೂ ಹಗ್ಗ ಬಿಚ್ಚಿಯಾಯಿತು, ಇನ್ನು ಸೈರನ್ ಸುಮ್ಮನೆ ಕೂಗುವುದಿಲ್ಲ, ತಾನು ಬಾಯಿ ಬಿಟ್ಟು ಮರ್ಯಾದೆ ಕಳೆದುಕೊಳ್ಳುವುದು ಯಾಕೆ? ಗಂಡನ ಹತ್ತಿರ ಮಾತ್ರ ಉಸುರಿದಳು. ಆತ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅವಳನ್ನೇ ನೋಡಿದ.

"ಮಗಳಿಗೆ ಹೇಳು."

"ನಾಳೆ ಹೇಳ್ತೀನಿ."

"ಇವತ್ತಿಗೇನು ಬಂದಿದೆ ರೋಗ?"

"ನೀವು ಸುಮ್ನಿರಿ."

ಮಧ್ಯಾಹ್ನ ಎರಡರ ಹೊತ್ತಿಗೆ ಹೊಳೆಯ ಬಣ್ಣ ತಿರುಗಿತು. ಮೊದಲು ತೇಲಿ ಬಂದದ್ದು ಒಣ ಎಲೆ, ಕಡ್ಡಿ. ಆಮೇಲೆ ಬೇರುಸಮೇತ ಕಿತ್ತ ಒಂದು ಗಿಡ. ಇಲ್ಲಿ ತುಂತುರು ಮಾತ್ರ ಇತ್ತು. ಮಳೆ ಸುರಿಯುತ್ತಿದ್ದದ್ದು ಮೇಲೆ, ಬೆಟ್ಟದ ಕಡೆ. ಹೊಳೆಗಿಳಿಯುವ ಮೆಟ್ಟಿಲುಗಳು ಒಟ್ಟು ಇಪ್ಪತ್ತೆರಡು. ಬೆಳಿಗ್ಗೆ ಮೂರು ಮೆಟ್ಟಿಲು ನೀರಲ್ಲಿದ್ದವು. ಲಾಂಡ್ರಿಯಮ್ಮ ನೋಡನೋಡುತ್ತಿದ್ದಂತೆ ಎಂಟಾಯಿತು, ಹತ್ತಾಯಿತು. ಇಪ್ಪತ್ತು ವರ್ಷದಿಂದ ದಂಡೆಯಲ್ಲೇ ಇದ್ದವಳು, ಇಷ್ಟು ಬೇಗ ಏರಿದ್ದನ್ನು ಕಂಡಿರಲಿಲ್ಲ. ಮೇಲೆ ಕಟಕಟೆಯ ಬಳಿ ಡಬ್ಬಕ್ಕೆ ಹೊಸ ಮುಚ್ಚಳ ಹಾಕುತ್ತಿದ್ದ ಏಣಿ ಮೇಡಂ ಕೂಗಿ ಹೇಳಿದಳು, "ಅಕ್ಕಾ, ಗೆರೆ ದಾಟಿ ಆಗಲೇ ಹೊತ್ತಾಯ್ತು! ಕೆಳಗೆ ಸೈರನ್ ಕೂಗಿದೆ!"

ಕೂಗಿದೆ, ಸರಿ. ಕೇಳುವವರು ಯಾರು?

ಲಾಂಡ್ರಿಯಮ್ಮನ ಕಿವಿಯಲ್ಲಿ ಶನಿವಾರದ ಮಾತು ಮೊಳಗಿತು. ಓಣಿಯಿಂದ ಒಬ್ಬರೂ ಕದಲೋದಿಲ್ಲ. ಮಗಳಿಗೆ ಫೋನ್ ಮಾಡಿದಳು.

"ಹೂಂ ಅಮ್ಮಾ, ಕೂಗ್ತಿದೆ" ಎಂದಳು ಮಗಳು, ಬೇಸರದ ದನಿಯಲ್ಲಿ. "ಯಾರೂ ಎದ್ದಿಲ್ಲ. ವಾಚ್ ರಿಪೇರಿ ಅಣ್ಣ ಅಂತೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಾರೆ."

"ಏಳು! ಬೀಗರನ್ನ ಎತ್ಕೊಂಡು ಹೊರಡು! ಇವತ್ತು ನಿಜ!"

"ನೀನೇ ಅಲ್ವಾ ಬಕೆಟ್ಟಿನ ಬುದ್ಧಿ ಇಲ್ಲ ಅಂದಿದ್ದು? ಅಮ್ಮಾ, ನಾನೊಬ್ಬಳೇ ಮಾವನ್ನ ಎತ್ತೋದು ಹೇಗೆ? ನಾಲ್ಕು ಜನ ಬೇಕು. ಯಾರನ್ನ ಕರೆದ್ರೂ ಇವತ್ತು ಬರೋದಿಲ್ಲ."

ಮರ್ಯಾದೆಯ ಮಾತು ಈಗ ಎಲ್ಲಿ ಬಂತು?

"ಫೋನ್ ತಗೊಂಡು ಓಣಿಗೆ ಬಾ. ಎಲ್ಲರಿಗೂ ಕೇಳೋ ಹಾಗೆ ಜೋರು ಇಡು. ಅವರ ಕಿವಿಯಿಂದ ಹತ್ತಿ ಕಿತ್ತುಹಾಕು."

ಅಷ್ಟರಲ್ಲಿ ಏಣಿ ಮೇಡಂ ಓಡಿ ಬಂದಿದ್ದಳು. "ಮಾತಾಡಿದ್ರೆ ಸಾಲದು ಅಕ್ಕಾ, ತೋರಿಸೋಣ" ಎಂದು ಮಗಳ ನಂಬರ್ ಕೇಳಿಕೊಂಡು ತನ್ನ ಫೋನಿನಿಂದ ವಿಡಿಯೋ ಕರೆ ಹಚ್ಚಿದಳು. ತೆರೆಯ ಮೇಲೆ ಮಗಳ ಮುಖ, ಅದರ ಹಿಂದೆ ಬಾಗಿಲು ಬಾಗಿಲಲ್ಲಿ ನಿಂತ ಓಣಿಯವರು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡ ವಾಚ್ ರಿಪೇರಿಯವನು.

"ಕೇಳಿ" ಎಂದಳು ಲಾಂಡ್ರಿಯಮ್ಮ. "ಮೂರು ದಿನ ನಿಮ್ಮನ್ನ ಗುಡ್ಡ ಹತ್ತಿಸಿದ್ದು ಹೊಳೆ ಅಲ್ಲ. ಯಂತ್ರನೂ ಅಲ್ಲ. ನಾನು. ಯಂತ್ರದ ಕೆಳಗೆ ಆಸ್ಪತ್ರೆ ಚಾದರ ಹಾಸಿದ್ದೆ. ಅದು ಚಾದರಾನ ನೀರು ಅಂದ್ಕೊಂಡು ಕೂಗಿತು. ಬೆಳಿಗ್ಗೆನೇ ನನಗೆ ಗೊತ್ತಾಯ್ತು. ನಾಚಿಕೆಯಿಂದ ಹೇಳಲಿಲ್ಲ."

ಮಗಳು ಬಾಯಿಗೆ ಕೈ ಇಟ್ಟುಕೊಂಡಳು.

"ಅಮ್ಮಾ... ನೀನಾ?"

"ನಾನೇ. ಆಮೇಲೆ ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ. ಈಗ ನೋಡಿ. ಈ ಸೇತುವೆ ಕೆಳಗೆ ನೋಡಿ. ಚಾದರ ಇದೆಯಾ? ಹಗ್ಗ ಇದೆಯಾ? ನೀರು ನೋಡಿ! ಹದಿನೈದು ಮೆಟ್ಟಿಲು ಮುಳುಗಿದೆ, ನನ್ನ ಶೆಡ್ಡಿನ ಬಾಗಿಲಿಗೆ ಬರ್ತಿದೆ!"

ಏಣಿ ಮೇಡಂ ಫೋನನ್ನು ಹೊಳೆಯ ಕಡೆ ಹಿಡಿದಳು. ಕೆಂಪಗೆ ಕುದಿಯುತ್ತಿದ್ದ ನೀರಲ್ಲಿ ಯಾವುದೋ ಮನೆಯ ತಗಡಿನ ಚಾವಣಿ ಉರುಳಿಕೊಂಡು ಬಂದು ಸೇತುವೆಯ ಕಂಬಕ್ಕೆ ಢಣಾರನೆ ಬಡಿಯಿತು. ಆ ಸದ್ದು ಓಣಿಯವರಿಗೂ ಕೇಳಿಸಿತು.

ಮೊದಲು ಕದಲಿದವನು ವಾಚ್ ರಿಪೇರಿಯವನು. ಮಣಿಕಟ್ಟಿನ ವಾಚ್ ನೋಡಿಕೊಂಡ. "ಇವತ್ತು ಹತ್ತೂವರೆಗೆ ಕೂಗಲಿಲ್ಲ" ಎಂದ ತನಗೆ ತಾನೇ. "ಇವತ್ತು ಕೂಗಿದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಅಯ್ಯೋ, ಎದ್ದೇಳ್ರೋ! ತಮ್ಮಾ, ಕುರ್ಚಿ ತಗೋ! ಎಲ್ಲರೂ ಹೊರಡಿ!"

ತೆರೆಯ ತುಂಬ ಕಾಲುಗಳು, ಗೋಡೆ, ಆಕಾಶ. ಆಮೇಲೆ ಕರೆ ನಿಂತುಹೋಯಿತು.

ಲಾಂಡ್ರಿಯಮ್ಮನ ಶೆಡ್ಡಿಗೂ ನೀರು ನುಗ್ಗಿತು. ಗಂಡ ಹೆಂಡತಿ ಗಂಟುಗಳನ್ನು ಹೊತ್ತು ಸೇತುವೆಯ ಮೇಲೆ ಹಾಕಿದರು. ಅವಳ ಕೈಕಾಲು ಆಡುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಮೂರೂಕಾಲಾಯಿತು. ಮೂರೂಮುಕ್ಕಾಲಾಯಿತು. ಫೋನ್ ಸುಮ್ಮನಿತ್ತು. ಗಂಡ ಅವಳ ಪಕ್ಕ ಬಂದು ನಿಂತ. ಚುಚ್ಚುವ ಮಾತು ಅವನಿಗೂ ಮರೆತುಹೋಗಿತ್ತು.

ನಾಲ್ಕೂಕಾಲಿಗೆ ಫೋನ್ ಬಂತು. "ಅಮ್ಮಾ, ಸ್ಕೂಲಲ್ಲಿದ್ದೀವಿ. ಎಲ್ಲರೂ ಬಂದಿದ್ದೀವಿ. ಮಾವ ಇಲ್ಲೇ ಇದ್ದಾರೆ." ಇಷ್ಟು ಹೇಳಿ ಮಗಳು ಬಿಕ್ಕಿದಳು. "ಓಣಿ ಕಾಣ್ತಾ ಇಲ್ಲಮ್ಮಾ. ನೀರು ಮಾತ್ರ ಕಾಣ್ತಿದೆ."

ನೀರಿಳಿದ ಮೂರನೆಯ ದಿನ ಲಾಂಡ್ರಿಯಮ್ಮ ಗಂಡನ ಜೊತೆ ಬಸ್ಸು ಹತ್ತಿ ಆ ಓಣಿಗೆ ಹೋದಳು. ಬೈಸಿಕೊಳ್ಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದಳು. ಬೈಯುವಷ್ಟು ತ್ರಾಣ ಯಾರಲ್ಲೂ ಇರಲಿಲ್ಲ. ಎಲ್ಲರೂ ಕೆಸರು ಬಾಚುತ್ತಿದ್ದರು. ಅವಳೂ ಸೆರಗು ಕಟ್ಟಿ ಸಲಿಕೆ ಹಿಡಿದಳು.

ಬೀಗರ ಕೋಣೆ ತೊಳೆಯುವಾಗ ಗೋಡೆಯ ಮೇಲೆ ನೀರು ನಿಂತ ಗುರುತು ಕಂಡಿತು. ಸುತ್ತಲೂ ಒಂದೇ ಸಮ, ಕಂದು ಬಣ್ಣದ ಗೆರೆ. ಮಂಚ ಅದರ ಕೆಳಗಿತ್ತು. ಲಾಂಡ್ರಿಯಮ್ಮ ಮಂಚದ ಹಲಗೆಯ ಮೇಲೆ ಕೈ ಊರಿ, ಅಲ್ಲಿಂದ ಗೆರೆಯ ತನಕ ಗೇಣು ಹಾಕಿದಳು. ಒಂದು. ಎರಡು. ಮೂರು. ಮೂರು ಗೇಣು. ಕತ್ತೆತ್ತಲೂ ಆಗದ ಮನುಷ್ಯ ಮಲಗುವ ಮಂಚ. ಅವಳು ಗೋಡೆ ಹಿಡಿದುಕೊಂಡು ನಿಂತಳು.

"ಬೆಳಿಗ್ಗೆ ಹನ್ನೊಂದಕ್ಕೇ ಹೇಳಿದ್ದಿದ್ರೆ ನೀವೆಲ್ಲ ಸೈರನ್ ಕೂಗಿದ ಕೂಡಲೇ ಎದ್ದಿರ್ತಿದ್ರಿ" ಎಂದಳು ಮಗಳಿಗೆ. "ಚಾದರ ಹಾಕಿದ್ದು ಗೊತ್ತಿಲ್ಲದೆ. ಬಾಯಿ ಮುಚ್ಚಿಕೊಂಡಿದ್ದು ಗೊತ್ತಿದ್ದೇ ಕಣೇ."

ಮಗಳು ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. ಬಂದು ಅಮ್ಮನ ಕೈ ಹಿಡಿದುಕೊಂಡಳು.

ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಬೀಗರು ಎಡಗೈಯಲ್ಲಿ ಸನ್ನೆ ಮಾಡಿದರು. ಲಾಂಡ್ರಿಯಮ್ಮ ಹೋಗಿ ಅವ‌ರ ಎದುರು ನೆಲದ ಮೇಲೇ ಕೂತಳು. ಬೀಗರು ಒಂದೊಂದೇ ಮಾತನ್ನು ತೊದಲುತ್ತ ಹೆಕ್ಕಿದರು.

"ಇನ್ನೊಂದು ಸಲ... ಕೂಗಿದ್ರೆ... ಸುಳ್ಳಾದ್ರೂ ಸರಿ... ಹೋಗೋಣ. ಸುಳ್ಳಿಗೆ... ಭುಜ ಊದುತ್ತೆ. ನಿಜಕ್ಕೆ..." ಎಂದವರು ಮುಂದೆ ಹೇಳದೆ ಒಳಗಿನ ಗೋಡೆಯ ಕಡೆ ಕಣ್ಣು ಹೊರಳಿಸಿದರು.

ಪಕ್ಕದಲ್ಲಿ ನಿಂತಿದ್ದ ವಾಚ್ ರಿಪೇರಿಯವನು ಹೂಂಗುಟ್ಟಿದ. ನೀರಲ್ಲಿ ನೆನೆದ ನೂರಾರು ವಾಚುಗಳು ಅವನ ಮನೆ ಮುಂದೆ ಬಟ್ಟೆಯ ಮೇಲೆ ಒಣಗುತ್ತಿದ್ದವು. ಒಂದೊಂದೂ ಒಂದೊಂದು ಗಂಟೆ ತೋರಿಸುತ್ತಿತ್ತು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಊರಿನ ಮಾತಿಗೆ ಬರೋಣ. ನಿಮ್ಮ ರಸ್ತೆಯ ಬದಿಯಲ್ಲೂ ಕಪ್ಪು ಕೊಳವೆ ಹೂತಿದ್ದಾರೆ. ನಿಮ್ಮ ಕಂಬಕ್ಕೂ ಒಂದು ಡಬ್ಬ ಬಿಗಿದಿದ್ದಾರೆ, ನಿಮ್ಮ ಕೆರೆಗೋ ಸೇತುವೆಗೋ ಒಂದು ಯಂತ್ರ ಕೂರಿಸಿದ್ದಾರೆ. ಅದು ನಮ್ಮ ನಿಮ್ಮ ದುಡ್ಡು. ಅದು ಏನು ಮಾಡುತ್ತದೆ ಎಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಪಂಚಾಯಿತಿಯಲ್ಲೋ, ಲೈನಿನ ಕೆಲಸದವರ ಹತ್ತಿರವೋ ಕೇಳಿ. ಬೋರ್ಡ್ ಇಲ್ಲದಿದ್ದರೆ ಬೋರ್ಡ್ ಹಾಕಿ ಎಂದು ಜಗಳವಾಡಿ. ಆ ಜಗಳ ನ್ಯಾಯವಾದದ್ದು. ಅದಕ್ಕೆ ಹಗ್ಗ ಕಟ್ಟಬೇಡಿ, ದನ ಕಟ್ಟಬೇಡಿ, ಪೋಸ್ಟರ್ ಅಂಟಿಸಬೇಡಿ. ನೆಲ ಅಗೆಯುವ ಮೊದಲು ಕೆಳಗೆ ಲೈನ್ ಇದೆಯೇ ಎಂದು ವಿಚಾರಿಸಿ. ಎಚ್ಚರಿಕೆ ಕೂಗಿದರೆ ಮೊದಲು ಎತ್ತರಕ್ಕೆ ಹೋಗಿ, ದೂರು ಆಮೇಲೆ ಕೊಡಿ.

ಇಷ್ಟೆಲ್ಲ ಆದ ಮೇಲೂ ತಪ್ಪು ಆಗಬಹುದು. ನಾವು ಮನುಷ್ಯರು. ಆದಾಗ ದಯವಿಟ್ಟು ನಾಳೆಗೆ ಇಡಬೇಡಿ. ತಪ್ಪು ಗೊತ್ತಾದ ಆ ಗಳಿಗೆಯಲ್ಲೇ ಬಾಯಿ ಬಿಟ್ಟು ಹೇಳಿಬಿಡಿ. ನಿಮ್ಮ ಹೊಳೆಯ ಕೆಳಗಡೆಯೂ ಯಾರದೋ ಮಂಚ ಇದೆ.